ಅಣ್ಣನ ಜೇಬಿನಲ್ಲಿದ್ದ ನನ್ನ ವೀಸಾ

ಕಾರ್ಡು ಇದ್ದಾಗಲೇ ಚೆನ್ನಾಗಿತ್ತು. ಹೀಗೆಂದರೆ ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ. ಕಾರ್ಡು ಕಳೆಯುತ್ತದೆ, ಮುರಿಯುತ್ತದೆ, ಈಗ ಎಲ್ಲ ಕಂಪ್ಯೂಟರಿನಲ್ಲೇ ಇರುವಾಗ ನಿನಗೇನು ಕಷ್ಟ ಅನ್ನುತ್ತಾರೆ. ನಗಲಿ ಬಿಡಿ. ಅವರ ಅಣ್ಣಂದಿರು ನನ್ನ ಅಣ್ಣನಂಥವರಲ್ಲ.

ನಾನು ಇಂಗ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸು. ಊರು ಚಳ್ಳಕೆರೆ ಪಕ್ಕದ ದೊಡ್ಡಉಳ್ಳಾರ್ತಿ. ಚಿತ್ರದುರ್ಗದಲ್ಲಿ ನರ್ಸಿಂಗ್ ಓದಿ, ಏಳೆಂಟು ವರ್ಷ ಅಲ್ಲಿ ಇಲ್ಲಿ ದುಡಿದು, ಪರೀಕ್ಷೆಗಳನ್ನು ಬರೆದು, ಕೊನೆಗೆ ಅಲ್ಲಿಗೆ ಹೋದೆ. ಹೋಗಿ ಒಂದು ವಾರದೊಳಗೇ ಅಲ್ಲಿನ ಪೋಸ್ಟಾಫೀಸಿನಲ್ಲಿ ನನ್ನ ಕೈಗೊಂದು ಕಾರ್ಡು ಕೊಟ್ಟರು. ಆಧಾರ್ ಕಾರ್ಡಿನಷ್ಟೇ ಗಾತ್ರ. ನನ್ನ ಫೋಟೊ, ನನ್ನ ಹೆಸರು, ಇಂಥ ದಿನದವರೆಗೆ ನೀನು ಇಲ್ಲಿ ಇರಬಹುದು, ಕೆಲಸ ಮಾಡಬಹುದು ಅನ್ನುವ ಬರಹ. ಅಪ್ಪನನ್ನೋ ಅಣ್ಣನನ್ನೋ ಮುಂದಿಟ್ಟುಕೊಳ್ಳದೆ ನನಗೆ ಸಿಕ್ಕ ಮೊದಲ ಕಾಗದ ಅದು. ಪರ್ಸಿನ ಒಳಜಿಪ್ಪಿನಲ್ಲಿಟ್ಟುಕೊಂಡೆ. ಬಸ್ಸಿನಲ್ಲಿ ಕೂತಾಗ ಸುಮ್ಮನೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು.

ಆಮೇಲೆ ಅಲ್ಲಿಯ ಸರ್ಕಾರ ಕಾರ್ಡುಗಳ ಕಾಲ ಮುಗಿಯಿತು ಅಂದಿತು. ಇನ್ನು ಮೇಲೆ ವೀಸಾ ಕೈಯಲ್ಲಿ ಹಿಡಿಯುವ ವಸ್ತುವಲ್ಲವಂತೆ. ಇಂಟರ್ನೆಟ್ಟಿನಲ್ಲಿ ಅಕೌಂಟು ಮಾಡಿಕೊಳ್ಳಬೇಕಂತೆ, ಅದಕ್ಕೆ ಪಾಸ್‌ಪೋರ್ಟು ಜೋಡಿಸಬೇಕಂತೆ, ವಿಮಾನದವರು ಅದನ್ನೇ ನೋಡುತ್ತಾರಂತೆ. ಜೊತೆಯವರೆಲ್ಲ ಊಟದ ವಿರಾಮದಲ್ಲಿ ಮಾಡಿಕೊಂಡರು. ನಾನು ಇವತ್ತು ನಾಳೆ ಅನ್ನುತ್ತ ತಳ್ಳಿಕೊಂಡು ಬಂದೆ. ಅವಧಿ ಮುಗಿದ ಕಾರ್ಡನ್ನೇ ಒಂದಷ್ಟು ದಿನ ಒಪ್ಪುತ್ತಿದ್ದರು, ಅದೂ ನಿಂತಿತು. ಹೋದ ವರ್ಷ ಒಂದೂವರೆ ತಿಂಗಳ ರಜೆ ಹಾಕಿ ಊರಿಗೆ ಬಂದಾಗ ಎರಡು ಕೆಲಸ ತಲೆಯ ಮೇಲಿದ್ದವು. ಈ ಅಕೌಂಟು ಮಾಡುವುದು, ಮುಗಿಯುತ್ತಿದ್ದ ಪಾಸ್‌ಪೋರ್ಟನ್ನು ಹೊಸದು ಮಾಡಿಸುವುದು.

ಬಂದ ಮೂರನೆಯ ದಿನ ಅಣ್ಣ ತಾನೇ ಬೈಕಿನಲ್ಲಿ ಕೂರಿಸಿಕೊಂಡು ಚಳ್ಳಕೆರೆಗೆ ಕರೆದುಕೊಂಡು ಹೋದ. ಬಸ್ ನಿಲ್ದಾಣದ ಎದುರು ಒಂದು ಝೆರಾಕ್ಸ್ ಅಂಗಡಿ. ಅದರ ಯಜಮಾನರನ್ನು ಎಲ್ಲರೂ ಚಾಚಾ ಅನ್ನುತ್ತಾರೆ. ನಮ್ಮ ಮನೆಯ ಪಹಣಿಯಿಂದ ಹಿಡಿದು ನನ್ನ ನರ್ಸಿಂಗ್ ಅರ್ಜಿಯವರೆಗೆ ಎಲ್ಲವನ್ನೂ ತುಂಬಿದವರು ಅವರೇ. ಚಾಚಾ ಕನ್ನಡಕ ಹಣೆಗೇರಿಸಿ ಕಂಪ್ಯೂಟರಿನ ಮುಂದೆ ಕೂತು, ಮೊಬೈಲ್ ನಂಬರು ಹೇಳು ಬೇಟಿ ಅಂದರು. ನನ್ನ ಬಾಯಿ ತಾನೇ ತಾನಾಗಿ ಅಣ್ಣನ ನಂಬರು ಹೇಳಿತು.

ನಾನು ಮಾಡಿದ ತಪ್ಪು ಇದೇ. ನಮ್ಮ ಕಡೆ ಹೆಣ್ಣುಮಕ್ಕಳ ಫಾರಮ್ಮಿನಲ್ಲಿ ಫೋನ್ ನಂಬರಿನ ಜಾಗ ಬಂತೆಂದರೆ ಗಂಡಸರ ನಂಬರು ಹಾಕುವುದು ರೂಢಿ. ಮದುವೆಗೆ ಮುಂಚೆ ಅಪ್ಪನದೋ ಅಣ್ಣನದೋ, ಆಮೇಲೆ ಗಂಡನದು. ನನ್ನ ಬ್ಯಾಂಕಿನ ಪುಸ್ತಕ, ನನ್ನ ಆಧಾರ್, ಅವ್ವನ ಗ್ಯಾಸು, ಅತ್ತಿಗೆಯ ರೇಷನ್ನು, ಎಲ್ಲದಕ್ಕೂ ಅಣ್ಣನ ಒಂದೇ ನಂಬರು. ಅತ್ತಿಗೆಗೆ ಅವನು ಫೋನೇ ಕೊಡಿಸಿಲ್ಲ. ನನ್ನ ಹಳೆಯ ಸಿಮ್ಮು ರೀಚಾರ್ಜಿಲ್ಲದೆ ಸತ್ತಿತ್ತು. ಇಂಗ್ಲೆಂಡಿನ ಸಿಮ್ಮಿಗೆ ಇಲ್ಲಿ ಟವರು ಹತ್ತುತ್ತಿರಲಿಲ್ಲ. ಹೊಸದು ತಗೊಳ್ಳುತ್ತೇನೆ ಅಂದಿದ್ದಕ್ಕೆ ಒಂದೂವರೆ ತಿಂಗಳಿಗೆ ಯಾಕೆ, ನಂದಿಲ್ಲವಾ ಅಂದಿದ್ದ. ಇ-ಮೇಲೂ ಅವನ ಫೋನಿನಲ್ಲೇ ತೆರೆಯುತ್ತಿದ್ದ ನನ್ನ ಹಳೆಯ ಇ-ಮೇಲು. ಅವತ್ತು ಕೋಡು ಬಂದ ಕೂಡಲೇ ಅಣ್ಣ ಓದಿ ಹೇಳಿದ, ಚಾಚಾ ಒತ್ತಿದರು, ನನ್ನ ಮುಖವನ್ನು ಫೋನಿಗೆ ತೋರಿಸಿದೆ, ಅಕೌಂಟು ಆಯಿತು. ಮೂವರೂ ಖುಷಿಯಾಗಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಏಳು ಸಾಗರ ದಾಟಿ ದುಡಿಯುವ ಹೆಂಗಸಿಗೆ ಅಷ್ಟೂ ಬುದ್ಧಿ ಇರಲಿಲ್ಲವಾ ಅಂತ ನೀವು ಕೇಳಬಹುದು. ಇರಲಿಲ್ಲ.

ಅಣ್ಣ ಯಾಕೆ ಅಷ್ಟು ಬೆಣ್ಣೆ ಹಚ್ಚುತ್ತಿದ್ದ ಅನ್ನುವುದು ಎರಡು ವಾರದ ಮೇಲೆ ಗೊತ್ತಾಯಿತು. ಊರಾಚೆಯ ಸರ್ಕಾರಿ ಹುಲ್ಲುಗಾವಲಿಗೆ ನಾವು ಕಾವಲು ಅನ್ನುತ್ತೇವೆ, ಅದರ ಅಂಚಿಗೆ ಅಪ್ಪನ ಹೆಸರಿನ ನಾಲ್ಕು ಎಕರೆ ಹೊಲ ಇದೆ. ಅಪ್ಪ ಇದ್ದಷ್ಟು ದಿನ ಶೇಂಗಾ ಬೆಳೆಯುತ್ತಿದ್ದ. ಆಗ ಅದನ್ನು ಕೇಳುವವರು ಯಾರೂ ಇರಲಿಲ್ಲ. ಕಾವಲಿನಲ್ಲಿ ಸರ್ಕಾರದ ಸಂಶೋಧನಾ ಸಂಸ್ಥೆಗಳ ದೊಡ್ಡ ದೊಡ್ಡ ಕಾಂಪೌಂಡುಗಳು ಎದ್ದು ನೆಲದ ಬೆಲೆ ಏರಿದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಅವ್ವನೂ ಅದಕ್ಕೆ ಹಕ್ಕುದಾರರು. ಅವ್ವ ಆಗಲೇ ಹೆಬ್ಬೆಟ್ಟು ಒತ್ತಿಯಾಗಿತ್ತು. ನಾನೂ ಅಣ್ಣನಿಗೆ ಹಕ್ಕು ಬಿಟ್ಟುಕೊಟ್ಟು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಬೇಕಿತ್ತು. ಊಟಕ್ಕೆ ಕೂತಾಗ ಅಣ್ಣ, ಶುಕ್ರವಾರ ಬರೋಕೆ ಹೇಳವ್ರೆ, ಹತ್ತು ಗಂಟೆಗೆ ರೆಡಿ ಇರು ಅಂದ. ಎಲ್ಲಿಗೆ ಅಂದೆ. ಆಗ ಹೇಳಿದ.

ನಿಜ ಹೇಳುತ್ತೇನೆ, ನನಗೆ ಆ ಹೊಲ ಬೇಕಿರಲಿಲ್ಲ. ತಂಗಿ, ಇಂಥದ್ದೊಂದು ಇದೆ, ಏನು ಮಾಡೋಣ ಅಂತ ಒಂದು ಮಾತು ಕೇಳಿದ್ದರೆ ಬರೆದುಕೊಡುತ್ತಿದ್ದೆನೇನೋ. ಅವನು ಕೇಳಲಿಲ್ಲ, ದಿನ ಗೊತ್ತುಮಾಡಿಕೊಂಡು ಬಂದು ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಆಗಲ್ಲ ಅಂದೆ. ಅವ್ವ, ಹೆಣ್ಮಕ್ಕಳು ಬರ್ಕೊಡೋದು ಇದ್ದದ್ದೇ ಅಲ್ವೇನವ್ವ ಅಂತ ರೊಟ್ಟಿ ತಟ್ಟುತ್ತಲೇ ಹೇಳಿದಳು. ಆಗಲ್ಲ ಅಂತ ಅವಳಿಗೂ ಹೇಳಿದೆ. ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಕೈ ತೊಳೆದುಕೊಂಡು ಎದ್ದು ಹೋದ. ಆ ಶುಕ್ರವಾರ ಕಳೆಯಿತು. ಮನೆಯಲ್ಲಿ ನನ್ನ ಜೊತೆ ಮಾತು ನಿಂತಿತು.

ಅಷ್ಟರಲ್ಲಿ ಹೊಸ ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಅದರ ನಂಬರೇ ಬೇರೆ. ಅಕೌಂಟಿನಲ್ಲಿದ್ದದ್ದು ಹಳೆಯದು. ಹೊಸದನ್ನು ಜೋಡಿಸದಿದ್ದರೆ ವಿಮಾನದವರ ಕಂಪ್ಯೂಟರಿನಲ್ಲಿ ನನಗೆ ವೀಸಾ ಇದೆ ಅನ್ನುವುದೇ ಕಾಣುವುದಿಲ್ಲ. ಆಗ ನಾನು ಹೊರಡುವುದಕ್ಕೆ ಐದು ದಿನ ಉಳಿದಿತ್ತು. ರಜೆ ಮುಗಿದ ಮೇಲೆ ಡ್ಯೂಟಿಗೆ ಬರದಿದ್ದರೆ ನನ್ನನ್ನು ಕರೆಸಿಕೊಂಡ ವೃದ್ಧಾಶ್ರಮದವರು ಅಲ್ಲಿಯ ಸರ್ಕಾರಕ್ಕೆ ತಿಳಿಸಲೇಬೇಕು. ಕೆಲಸ ಹೋದರೆ ವೀಸಾ ಹೋಗುತ್ತದೆ. ವೀಸಾ ಹೋದರೆ ಇನ್ನೊಂದು ವರ್ಷದಲ್ಲಿ ಸಿಗಬೇಕಾಗಿದ್ದ ಕಾಯಂ ಹಕ್ಕು ಹೋಗುತ್ತದೆ. ಅಲ್ಲಿ ನನ್ನದೊಂದು ರೂಮಿದೆ, ಅದರ ಬೀಗದ ಕೈ ನನ್ನ ಹತ್ತಿರ ಮಾತ್ರ ಇದೆ. ಅದೂ ಹೋಗುತ್ತಿತ್ತು.

ಪಡಸಾಲೆಯಲ್ಲಿ ಕೂತು ನನ್ನ ಫೋನಿನಲ್ಲಿ ಅಕೌಂಟು ತೆರೆದೆ. ಇಂಟರ್ನೆಟ್ಟು ಕೂಡ ಅಣ್ಣನ ಹಾಟ್‌ಸ್ಪಾಟಿನದು, ನೋಡಿ ನನ್ನ ಗತಿ. ಆರು ಅಂಕಿಯ ಕೋಡು ಕಳಿಸಿದ್ದೇವೆ ಅಂತ ಬಂತು. ಎದುರಿಗೆ ಕೂತಿದ್ದ ಅಣ್ಣನ ಅಂಗಿ ಜೇಬಿನಲ್ಲಿ ಟಿಣ್ ಅಂತ ಸದ್ದಾಯಿತು. ಅವನು ಫೋನು ತೆಗೆದ, ನೋಡಿದ, ಮತ್ತೆ ಜೇಬಿಗೆ ಹಾಕಿಕೊಂಡ. ಕೋಡು ಹೇಳಣ್ಣ ಅಂದೆ.

"ಬಂದಿಲ್ಲ ಕಣಮ್ಮ. ಟವರ್ ಸರಿಯಿಲ್ಲ."

ಎರಡನೇ ಸಲ ಕಳಿಸಿದೆ. ಟಿಣ್ ಅಂತು. ಬಂದಿಲ್ಲ ಅಂದ. ಮೂರನೇ ಸಲವೂ ಅದೇ. ನಾಲ್ಕನೇ ಸಲಕ್ಕೆ ಫೋನನ್ನು ಜೇಬಿನಿಂದ ತೆಗೆಯಲೂ ಇಲ್ಲ, ನನ್ನ ಮುಖ ನೋಡುತ್ತಲೇ ಬಂದಿಲ್ಲ ಅಂದ. ಇ-ಮೇಲು ತೆರೆಯೋಣ ಅಂದರೆ ಅದೂ ಅದೇ ನಂಬರಿಗೆ ಕೋಡು ಕಳಿಸುತ್ತೇನೆ ಅನ್ನುತ್ತಿತ್ತು. ಅವನು ಎದ್ದು ನಿಂತು ಅಂಗಿ ಸರಿಮಾಡಿಕೊಂಡ. ಇನ್ನು ಮೂರು ದಿನಕ್ಕೆ ಶುಕ್ರವಾರ ಅಂತ ಶುರುಮಾಡಿದ.

"ಶುಕ್ರವಾರ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೋಗು. ಅಷ್ಟೊತ್ತಿಗೆ ಟವರ್ ಬಂದಿರ್ತೈತೆ. ಆಮೇಲೆ ಕುಂತ್ಕಂಡು ನೋಡಾನ."

ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಅಣ್ಣ ಅನ್ನುವ ಕಾರಣಕ್ಕಲ್ಲ, ಕೋಡು ಇನ್ನೂ ಅವನ ಜೇಬಿನಲ್ಲೇ ಇತ್ತು ಅನ್ನುವ ಕಾರಣಕ್ಕೆ ಬಿಟ್ಟೆ. ಕಳ್ಳ ನನ್ನ ಪರ್ಸು ಹೊಡೆದಿದ್ದರೆ ಪೊಲೀಸಿನವರಿಗೆ ಹೇಳಬಹುದಿತ್ತು. ಇಲ್ಲಿ ಏನಂತ ಹೇಳಲಿ? ನನ್ನ ವೀಸಾ ನಮ್ಮಣ್ಣನ ಜೇಬಿನಲ್ಲಿದೆ, ಆದರೆ ಅಲ್ಲಿ ಏನೂ ಇಲ್ಲ ಅಂತಲೇ? ಇಂಗ್ಲೆಂಡಿನ ವೀಸಾ ಸಹಾಯವಾಣಿಗೆ ಬರೆದೆ. ಉತ್ತರಕ್ಕೆ ಕೆಲವು ದಿನ ಹಿಡಿಯಬಹುದು ಅಂತ ತಾನೇ ತಾನಾಗಿ ಒಂದು ಉತ್ತರ ಬಂತು. ನನ್ನ ಹತ್ತಿರ ಇದ್ದದ್ದೇ ಕೆಲವು ದಿನ. ಆಮೇಲೆ ಅಣ್ಣ ಹಾಟ್‌ಸ್ಪಾಟನ್ನೂ ಆರಿಸಿದ.

ಮಾರನೆಯ ದಿನ ಬೆಳಿಗ್ಗೆಯೇ ಚಾಚಾನ ಅಂಗಡಿಗೆ ಹೋದೆ. ಎಲ್ಲವನ್ನೂ ಹೇಳಿದೆ, ಹೊಲದ್ದನ್ನೂ. ಚಾಚಾ ಮೇಜಿನ ಮೇಲಿದ್ದ ಝೆರಾಕ್ಸ್ ಹಾಳೆಗಳನ್ನು ಜೋಡಿಸಿಟ್ಟರು. ಮನೆಯ ಜಗಳಕ್ಕೆ ತಲೆ ಹಾಕುವ ಜನ ಅಲ್ಲ ಅವರು. ಕೊನೆಗೆ, ನಂಬರು ಯಾರ ಹೆಸರಲ್ಲಿದೆಯೋ ಅವರು ಬಿಟ್ಟು ಬೇರೆ ಯಾರೂ ಏನೂ ಮಾಡೋಕಾಗಲ್ಲ ಬೇಟಿ, ಸಿಮ್ಮು ನಿಮ್ಮಣ್ಣನ ಹೆಸರಲ್ಲೇ ಇದೆ ತಾನೆ ಅಂದರು.

ಹೌದು ಅನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಅಲ್ಲ! ಆ ಸಿಮ್ಮು ಅಣ್ಣನ ಹೆಸರಲ್ಲಿ ಇಲ್ಲ. ಅಣ್ಣ ಈಗ ಕಟ್ಟಡದ ಮೇಸ್ತ್ರಿ, ಆಗಿನ್ನೂ ಗಾರೆ ಕೆಲಸದವ. ಸಿಮೆಂಟಿನಲ್ಲಿ ಕೈ ಆಡಿಸಿ ಆಡಿಸಿ ಅವನ ಬೆರಳುಗಳ ಗೆರೆಯೆಲ್ಲ ಸವೆದಿದ್ದವು. ಸಿಮ್ಮು ಕೊಳ್ಳಲು ಹೋದರೆ ಬೆರಳಿನ ಮೆಷಿನ್ನು ಅವನನ್ನು ಹತ್ತು ಸಲವೂ ಒಪ್ಪಲಿಲ್ಲ. ಬೇಸತ್ತು, ಪಕ್ಕದಲ್ಲಿ ನಿಂತಿದ್ದ ನನಗೆ, ಲೇ ನೀನೇ ಒತ್ತೇ ಅಂದಿದ್ದ. ನನ್ನ ಹೆಬ್ಬೆಟ್ಟು ಒಂದೇ ಏಟಿಗೆ ಹಸಿರು ದೀಪ ಹತ್ತಿಸಿತ್ತು. ಆ ನಂಬರು ಹತ್ತು ವರ್ಷದಿಂದ ನನ್ನ ಹೆಸರಲ್ಲೇ ಇದೆ, ಅವನ ಜೇಬಿನಲ್ಲಿ ಇದೆ, ಇಬ್ಬರಿಗೂ ಅದು ಮರೆತೇಹೋಗಿದೆ.

ಚಳ್ಳಕೆರೆಯ ಫೋನಿನ ಅಂಗಡಿಗಳವರೆಲ್ಲ ಅಣ್ಣನಿಗೆ ಪರಿಚಯ. ಡೂಪ್ಲಿಕೇಟ್ ಸಿಮ್ಮು ಕೇಳಿದರೆ ಮೊದಲು ಅವನಿಗೇ ಫೋನು ಹೋಗುತ್ತದೆ. ಅಲ್ಲೇ ನಿಂತಿದ್ದ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಅಲ್ಲಿ ನಮ್ಮ ಚಿಕ್ಕಮ್ಮ, ಅವ್ವನ ತಂಗಿ, ರೇಷ್ಮೆ ಸೀರೆ ನೇಯುವ ಮನೆಗೆ ಕೊಟ್ಟಿರುವವಳು. ದಾರಿಯಲ್ಲಿ ತಳಕು ಊರು ದಾಟುವವರೆಗೂ ಹಿಂದೆ ಅಣ್ಣನ ಬೈಕು ಬರುತ್ತಿದೆಯಾ ಅಂತ ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ಒಂದು ತರಹದ ಸಂತೋಷ ಶುರುವಾಯಿತು. ಒಳ್ಳೆಯ ಸಂತೋಷ ಅಲ್ಲ ಅದು.

ಅಲ್ಲಿಯ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಸಿಮ್ಮು ಕಳೆದಿದೆ ಅಂದೆ. ಹೆಬ್ಬೆಟ್ಟು ಒತ್ತಿದೆ. ಹಸಿರು ದೀಪ ಹತ್ತಿತು. ನನ್ನದೇ ಒಂದು ಹೊಸ ನಂಬರನ್ನೂ ತೆಗೆದುಕೊಂಡೆ. ಅಂಗಡಿಯವನು ಒಂದು ವಿಷಯ ಹೇಳಿದ. ಹೀಗೆ ಬದಲಾಯಿಸಿದ ಸಿಮ್ಮಿಗೆ ಒಂದು ದಿನ ಪೂರ್ತಿ ಮೆಸೇಜು ಬರುವುದಿಲ್ಲ, ಮೋಸ ಆಗಬಾರದು ಅಂತ ಹಾಗೆ ಮಾಡಿದ್ದಾರೆ, ನಾಳೆ ಈ ಹೊತ್ತಿಗೆ ಬರುತ್ತದೆ ಅಂದ. ನಡುಮಧ್ಯಾಹ್ನ ನನ್ನ ಫೋನಿನಲ್ಲಿ ಟವರಿನ ಗೆರೆಗಳು ಮೂಡಿದವು. ದೊಡ್ಡಉಳ್ಳಾರ್ತಿಯಲ್ಲೋ ಚಳ್ಳಕೆರೆಯಲ್ಲೋ ಅಣ್ಣನ ಜೇಬಿನಲ್ಲಿ ಅವು ಆರಿದವು.

ಚಿಕ್ಕಮ್ಮ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದಳು. ನನ್ನನ್ನು ನೋಡಿ, ಏಮ್ಮಾ, ಹೇಳದೆ ಕೇಳದೆ ಬಂದೀಯ ಅಂದಳು. ಅವರ ಮನೆಯಲ್ಲಿ ಅರ್ಧ ಮಾತು ತೆಲುಗು. ಅನ್ನ ಸಾರು ಬಡಿಸಿದಳು. ಉಣ್ಣುತ್ತ ಎಲ್ಲ ಹೇಳಿದೆ. ಅವಳು ಅಣ್ಣನನ್ನು ಚೆನ್ನಾಗಿ ಬೈದಳು. ಹೆಣ್ಣುಮಗಳ ಅನ್ನವನ್ನು ಕಿತ್ತುಕೊಳ್ಳುತ್ತಾನಾ ಆಯಪ್ಪ ಅಂದಳು. ನನಗೆ ಹಾಯೆನಿಸಿತು. ಆಮೇಲೆ ಎಳೆ ಸರಿಮಾಡುತ್ತ ತಟ್ಟನೆ ಕೇಳಿದಳು:

"ಅಲ್ಲಮ್ಮ, ಆಯಪ್ಪನ ಕೆಲಸ ಎಲ್ಲ ಫೋನಾಗೇ ಅಲ್ವ? ನಾಳೆ ಏನೂ ಇಲ್ಲ ತಾನೆ ಅವನಿಗೆ?"

ಇತ್ತು. ನನಗೆ ಗೊತ್ತಿತ್ತು. ಚಳ್ಳಕೆರೆಯಲ್ಲಿ ಒಬ್ಬ ಮೇಷ್ಟರ ಮನೆ ಕಟ್ಟುತ್ತಿದ್ದ. ಅವನು ಒಬ್ಬನೇ ಹಿಡಿದ ಮೊದಲ ಪೂರ್ತಿ ಮನೆ. ಗುರುವಾರ ಬೆಳಿಗ್ಗೆ ಅದಕ್ಕೆ ತಾರಸಿಯ ಆರ್‌ಸಿಸಿ ಹಾಕುವುದಿತ್ತು. ಹಿಂದಿನ ದಿನ ನನ್ನೆದುರಿಗೇ ಫೋನಿನಲ್ಲಿ ಮಾತಾಡಿದ್ದ. ಮೂವತ್ತು ಆಳಿನ ಗುಂಪಿನವನು, ಕಾಂಕ್ರೀಟ್ ಕಲಸುವ ಮೆಷಿನ್ನಿನವನು, ಇಬ್ಬರೂ ಬುಧವಾರ ಸಂಜೆ ಫೋನು ಮಾಡಿ ಗಟ್ಟಿಮಾಡಿಕೊಳ್ಳಬೇಕಿತ್ತು. ಬುಧವಾರ ಸಂಜೆ ಅಂದರೆ ಇನ್ನು ನಾಲ್ಕು ಗಂಟೆ. ನನ್ನ ಹೊಸ ನಂಬರಿನಿಂದ ಅತ್ತಿಗೆಯ ನೆರೆಯವರಿಗೆ ಒಂದು ಮಾತು ಹೇಳಿದ್ದರೆ ಅವನು ಬೈಕು ಹತ್ತಿ ಆಳಿನ ಊರಿಗೇ ಹೋಗುತ್ತಿದ್ದ.

ಏನೂ ಇಲ್ಲ ಚಿಕ್ಕಮ್ಮ ಅಂದೆ.

ಸಂಜೆ ಫೋನು ಒಂದೇ ಸಮನೆ ಹೊಡೆದುಕೊಂಡಿತು. ಪರದೆಯ ಮೇಲೆ ಬರೀ ನಂಬರುಗಳು, ಹೆಸರಿಲ್ಲ. ಯಾರದೆಂದು ನನಗೆ ಗೊತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸದ್ದು ಆರಿಸಿ ಚೀಲದಲ್ಲಿಟ್ಟು ಚಿಕ್ಕಮ್ಮನಿಗೆ ಕಡಲೆಬೀಜ ಬಿಡಿಸಿಕೊಟ್ಟೆ.

ಗುರುವಾರ ಮಧ್ಯಾಹ್ನ ಮೆಸೇಜುಗಳು ಬರತೊಡಗಿದವು. ಕೋಡು ತರಿಸಿದೆ, ಒತ್ತಿದೆ, ಹೊಸ ಪಾಸ್‌ಪೋರ್ಟು ಜೋಡಿಸಿದೆ, ಹಳೆಯ ನಂಬರು ತೆಗೆದು ನನ್ನ ಹೊಸದು ಹಾಕಿದೆ, ಇ-ಮೇಲೂ ಬದಲಾಯಿಸಿದೆ. ಎಲ್ಲ ಸೇರಿ ಕಾಲು ಗಂಟೆ. ಕಾಲು ಗಂಟೆಯ ಕೆಲಸಕ್ಕೆ ಅವನು ನಾಲ್ಕು ಎಕರೆ ಕೇಳಿದ್ದ.

ಸಂಜೆ ಊರಿಗೆ ಬಂದಾಗ ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಅಂಗಿಯ ಮೇಲೆ ಒಂದು ಹನಿ ಸಿಮೆಂಟಿರಲಿಲ್ಲ. ಅದನ್ನು ನೋಡಿಯೇ ಗೊತ್ತಾಯಿತು. ಬುಧವಾರ ಸಂಜೆ ಟವರಿಲ್ಲ ಅಂದುಕೊಂಡು ಕಾದಿದ್ದಾನೆ. ಬೆಳಿಗ್ಗೆ ಹೋದರೆ ಆಳೂ ಇಲ್ಲ, ಮೆಷಿನ್ನೂ ಇಲ್ಲ. ಫೋನು ಎತ್ತಲಿಲ್ಲ ಅಂತ ಇಬ್ಬರೂ ಬೇರೆ ಕೆಲಸಕ್ಕೆ ಹೋಗಿದ್ದಾರೆ. ಮೇಷ್ಟರು ಪೂಜೆಗೆ ನೆಂಟರನ್ನೆಲ್ಲ ಕರೆದಿದ್ದರು. ಅವರೆದುರಿಗೇ ಅಣ್ಣನಿಗೆ ಬಾಯಿಗೆ ಬಂದ ಹಾಗೆ ಅಂದು, ಮಧ್ಯಾಹ್ನದೊಳಗೆ ಬೇರೆ ಮೇಸ್ತ್ರಿಗೆ ಕೆಲಸ ಒಪ್ಪಿಸಿದ್ದಾರೆ. ಇದನ್ನೆಲ್ಲ ಹೇಳಿದ್ದು ಅತ್ತಿಗೆ, ಅಡುಗೆಮನೆಯಲ್ಲಿ, ಪಿಸುಮಾತಿನಲ್ಲಿ. 

ನಾನು ಸಿಮ್ಮನ್ನು ತೆಗೆದು ಅಣ್ಣನ ಪಕ್ಕದಲ್ಲಿ ಕಟ್ಟೆಯ ಮೇಲಿಟ್ಟೆ. ಅವನು ಅದನ್ನು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಇವತ್ತು ಆರ್‌ಸಿಸಿ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ. ನನಗೆ ನೋವಾದದ್ದು ಅವನಿಗೆ ಗೊತ್ತಾಗಲಿ ಅನ್ನುವುದಕ್ಕಿಂತ, ಅವನಿಗೆ ನೋವಾದದ್ದು ನನ್ನಿಂದಲೇ ಅಂತ ಗೊತ್ತಾಗಲಿ ಅನ್ನುವ ಆಸೆ ಜಾಸ್ತಿ ಇತ್ತು. ಅವನು ಸಿಮ್ಮನ್ನು ಎತ್ತಿಕೊಂಡು ಒಳಗೆ ಹೋದ. ಶುಕ್ರವಾರ ಹತ್ತು ಗಂಟೆಗೆ ನನ್ನನ್ನು ಯಾರೂ ಕರೆಯಲಿಲ್ಲ.

ಭಾನುವಾರ ಹೊರಟೆ. ಪ್ರತಿ ಸಲ ಚಳ್ಳಕೆರೆಯವರೆಗೆ ಬಿಡುತ್ತಿದ್ದ ಅಣ್ಣ ಬೆಳಿಗ್ಗೆಯೇ ಎಲ್ಲಿಗೋ ಎದ್ದು ಹೋಗಿದ್ದ. ಅವ್ವ ಬಾಗಿಲಿಗೆ ಬಂದಳು. ಕುಂಕುಮ ಕೊಡು ಬಾ ಅಂತ ಅತ್ತಿಗೆಯನ್ನು ಕೂಗಲಿಲ್ಲ. ಹೋಗಿ ಬರ್ತೀನವ್ವ ಅಂದೆ. ನನಗೆ ಅವಳ ಬಾಯಿಂದ ಒಂದು ಮಾತು ಬೇಕಿತ್ತು. ನಿನ್ನ ಹೊಟ್ಟೆಪಾಡಿಗೆ ನೀನು ಮಾಡಿದೆ, ತಪ್ಪೇನಿಲ್ಲ ಅನ್ನುವಂಥದ್ದು ಏನಾದರೂ. ಅವಳು ನನ್ನ ಚೀಲದ ಬಾರನ್ನು ಹಿಡಿದುಕೊಂಡು ನಿಂತಳು.

"ಅವನು ನಿಮ್ಮಪ್ಪನಂಗೆ, ನೀನು ನನ್ನಂಗೆ ಅಂದ್ಕಂಡು ಇಷ್ಟು ವರ್ಷ ಇದ್ದೆ ಕಣವ್ವ. ಇಲ್ಲ. ನೀವಿಬ್ರೂ ಒಂದೇ."

ಬಾರು ಬಿಟ್ಟು ಒಳಗೆ ಹೋದಳು. ಬಸ್ಸಿನಲ್ಲಿ ಬೆಂಗಳೂರಿನವರೆಗೂ ಅದಕ್ಕೊಂದು ಉತ್ತರ ಹುಡುಕಿದೆ. ಸಿಟ್ಟಿನ ಉತ್ತರಗಳು ಬಹಳ ಸಿಕ್ಕವು. ಸಂಜೆ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ನನ್ನ ಹೊಸ ಪಾಸ್‌ಪೋರ್ಟನ್ನು ಮೆಷಿನ್ನಿನ ಮೇಲಿಟ್ಟು ಪರದೆ ನೋಡಿದಳು. ನನ್ನ ಮುಖ ನೋಡಿದಳು, ಮತ್ತೆ ಪರದೆ ನೋಡಿದಳು. ಎಲ್ಲ ಸರಿಯಾಗಿದೆ ಮೇಡಂ, ಹೋಗಿ ಅಂದಳು.